ಒಂದರಿಂದ ಐದನೇ ತರಗತಿಯವರಿಗೆ ರಸ್ತೆ ದಾಟಲು ಕಲಿಸುವುದು ಹೇಗೆ? ಭಾಷಣ, ಪೋಸ್ಟರ್ ಬಿಟ್ಟು ಹೇಳಿ

ಕಪ್ಪುಹಲಗೆ ಕೇಳಿದ್ದು:

ಪ್ರಾಥಮಿಕ ಶಾಲೆ ಶಿಕ್ಷಕಿ. ಈ ವರ್ಷ ಒಂದರಿಂದ ಐದನೇ ತರಗತಿಯವರೆಗೆ ರಸ್ತೆ ಸುರಕ್ಷತೆಯ ಪಾಠ ನನ್ನ ಪಾಲಿಗೆ ಬಂದಿದೆ. ತರಗತಿಗೆ ಸುಮಾರು 35 ಮಕ್ಕಳು, ವಾರಕ್ಕೆ ಒಂದು ಪೀರಿಯಡ್. ಎಲ್ಲ ಕಡೆ ನಡೆಯುವುದು ಒಂದೇ ತರಹ: ವರ್ಷಕ್ಕೊಂದು ಭಾಷಣ, ಚಿತ್ರ ಬಿಡಿಸುವ ಸ್ಪರ್ಧೆ, ಸಿಗ್ನಲ್ಲಿನ ಮೂರು ಬಣ್ಣದ ಹಾಡು. "ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ ನೋಡು" ಎಂದು ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಗೇಟಿನಾಚೆ ಅಪ್ಪನ ಬೈಕ್ ಕಂಡರೆ ಮಾತ್ರ ಯಾವ ಕಡೆಗೂ ನೋಡದೆ ಓಡುತ್ತಾರೆ.

ಯಾವ ವಯಸ್ಸಿಗೆ ಏನು ಕಲಿಸಬೇಕು? ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಜೀಬ್ರಾ ಪಟ್ಟೆ ಹಾಕಿ ಅಭ್ಯಾಸ ಮಾಡಿಸಿದರೆ ಸಾಕೇ, ನಿಜವಾದ ರಸ್ತೆಗೇ ಕರೆದುಕೊಂಡು ಹೋಗಬೇಕೇ? ಕಲಿತಿದ್ದಾರೆ ಅಂತ ಗೊತ್ತಾಗುವುದು ಹೇಗೆ? ಪ್ರಶ್ನೆಪತ್ರಿಕೆ ಕೊಟ್ಟರೆ ಎಲ್ಲರೂ ಹತ್ತಕ್ಕೆ ಹತ್ತು ತೆಗೆಯುತ್ತಾರೆ, ಆದ್ದರಿಂದ ಅದು ಬೇಡ.

---

ದಾರಿಹೋಕ

ಮೇಡಂ, ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ರಸ್ತೆ ಬದಿಗೆ ಹೋಗಲೇಬೇಕು. ಆರು ವರ್ಷದ ಮಗು ಮೈದಾನದ ಪಟ್ಟೆಯ ಮೇಲೆ ಕಲಿತದ್ದನ್ನು ತಾನಾಗಿ ರಸ್ತೆಗೆ ತರುವುದಿಲ್ಲ. ಮೈದಾನದಲ್ಲಿ ವಾಹನವಿಲ್ಲ, ಸದ್ದಿಲ್ಲ, ನಿಂತ ಕಾರಿನ ಮರೆಯಿಲ್ಲ. ಹೀಗಾಗಿ ಅಲ್ಲಿ ಅದು ಕಲಿಯುವುದು ಕತ್ತು ತಿರುಗಿಸುವ ಕವಾಯತು ಮಾತ್ರ. ಬಲ, ಎಡ, ಬಲ ಎಂದು ಮುಖ ಆಡಿಸಿದ ಮಗುವನ್ನು "ಬಲಕ್ಕೆ ಏನು ಕಂಡಿತು?" ಎಂದು ಕೇಳಿ ನೋಡಿ, ತಡವರಿಸುತ್ತದೆ. ಅದು ನೋಡಿಯೇ ಇರುವುದಿಲ್ಲ.

ಇದಕ್ಕೆ ನಾನು ಕಂಡಂತೆ ಒಳ್ಳೆಯ ಮಾದರಿ ಸ್ಕಾಟ್ಲೆಂಡಿನದು. ಗ್ಲಾಸ್ಗೋದ ಡ್ರಮ್‌ಚಾಪಲ್ ಬಡಾವಣೆಯಲ್ಲಿ 1990ರ ದಶಕದಲ್ಲಿ ರೂಪುಗೊಂಡ ಕರ್ಬ್‌ಕ್ರಾಫ್ಟ್ ಪದ್ಧತಿ, 5ರಿಂದ 7 ವರ್ಷದವರಿಗಾಗಿ. ಒಬ್ಬ ತರಬೇತಿ ಪಡೆದ ಸ್ವಯಂಸೇವಕರ ಜೊತೆ ಎರಡು ಮೂರು ಮಕ್ಕಳು, ಪಾಠ ರಸ್ತೆ ಬದಿಯಲ್ಲೇ. ಕಲಿಸುವುದು ಮೂರೇ ಕೌಶಲ: ದಾಟಲು ಸರಿಯಾದ ಜಾಗ ಆರಿಸುವುದು, ನಿಂತ ವಾಹನಗಳ ನಡುವೆ ದಾಟುವುದು, ಕೂಡುರಸ್ತೆಯ ಬಳಿ ದಾಟುವುದು. ಒಂದು ಗಟ್ಟಿಯಾದ ಮೇಲೇ ಮುಂದಿನದು.

ಜಾಗ ಆರಿಸುವುದನ್ನು ಮೊದಲು ಇಟ್ಟಿರುವುದಕ್ಕೆ ಕಾರಣವಿದೆ. ನಾವು ಯಾವಾಗಲೂ "ಹೇಗೆ ದಾಟಬೇಕು" ಎಂಬಲ್ಲಿಂದ ಶುರು ಮಾಡುತ್ತೇವೆ, ಮಗು ಎಡವುವುದು ಅದಕ್ಕಿಂತ ಹಿಂದೆಯೇ. ಸಣ್ಣ ಮಕ್ಕಳ ತರ್ಕದಲ್ಲಿ ಕಣ್ಣಿಗೆ ವಾಹನ ಕಾಣದಿದ್ದರೆ ಆ ಜಾಗ ಕ್ಷೇಮ. ಹಾಗಾಗಿ ಕುರುಡು ತಿರುವನ್ನೋ ರಸ್ತೆಯ ಏರು ಮುಗಿಯುವ ಜಾಗವನ್ನೋ ಧೈರ್ಯವಾಗಿ ತೋರಿಸಿ "ಇಲ್ಲಿ ದಾಟಬಹುದು, ಗಾಡಿಯೇ ಇಲ್ಲ" ಎನ್ನುತ್ತವೆ. ಇನ್ನೊಂದು, ಹೋಗಬೇಕಾದ ಅಂಗಡಿಯೋ ಗೇಟೋ ಎದುರು ಕಂಡರೆ ಅಲ್ಲಿಗೆ ನೇರ ಗೆರೆ ಎಳೆದಂತೆ ಓರೆಯಾಗಿ ದಾಟುತ್ತವೆ. ಓರೆಯಾಗಿ ಹೋದರೆ ರಸ್ತೆಯ ಮೇಲೆ ಇರುವ ಸಮಯ ಹೆಚ್ಚು, ಜೊತೆಗೆ ಒಂದು ಕಡೆಯ ವಾಹನಗಳಿಗೆ ಬೆನ್ನು.

ಕಲಿಸುವ ಕ್ರಮ ಹೀಗೆ. ಶಾಲೆಯಿಂದ ಐದು ನಿಮಿಷದ ನಡಿಗೆಯೊಳಗೆ ನಾಲ್ಕೈದು ಜಾಗ ಮೊದಲೇ ಗುರುತಿಸಿಕೊಳ್ಳಿ: ಒಂದು ತಿರುವು, ಒಂದು ಏರು, ಮರ ಅಥವಾ ಕಸದ ತೊಟ್ಟಿ ಮರೆ ಮಾಡುವ ಕಡೆ, ಸಾಲಾಗಿ ಕಾರು ನಿಲ್ಲುವ ಕಡೆ, ಎರಡೂ ಬದಿ ಸಲೀಸಾಗಿ ಕಾಣುವ ನೇರ ರಸ್ತೆ. ಪ್ರತಿ ಜಾಗದಲ್ಲೂ ಮೊಣಕಾಲೂರಿ, ನೆಲದಿಂದ ಸುಮಾರು 1 ಮೀಟರ್ ಎತ್ತರದಿಂದ ನೋಡಿ. ಒಂದನೇ ತರಗತಿ ಮಗುವಿನ ಕಣ್ಣು ಇರುವುದು ಅಲ್ಲಿ. ನಿಮಗೆ ಕಾರಿನ ಮೇಲಿಂದ ಕಾಣುವ ರಸ್ತೆ ಅದಕ್ಕೆ ಕಾಣುವುದಿಲ್ಲ. ಆಮೇಲೆ ಮಗುವನ್ನು ಅಲ್ಲಿ ನಿಲ್ಲಿಸಿ "ಆ ಕಡೆ ಹೋಗಬೇಕು, ಎಲ್ಲಿ ದಾಟೋಣ?" ಎಂದಷ್ಟೇ ಕೇಳಿ. ತಪ್ಪು ಜಾಗ ತೋರಿಸಿದರೆ ತಕ್ಷಣ ತಿದ್ದಬೇಡಿ. "ಅಲ್ಲಿ ನಿಂತರೆ ಬರುವ ಗಾಡಿ ನಿನಗೆ ಕಾಣುತ್ತದಾ? ಗಾಡಿಯವರಿಗೆ ನೀನು ಕಾಣುತ್ತೀಯಾ?" ಎಂದು ಕೇಳಿ ಸುಮ್ಮನಿರಿ. ಜೊತೆಗಿರುವ ಇನ್ನೊಂದು ಮಗುವೇ ಹೆಚ್ಚಿನ ಸಲ ಉತ್ತರ ಹೇಳುತ್ತದೆ. ಮಕ್ಕಳನ್ನು ಒಬ್ಬೊಬ್ಬರಾಗಿ ಅಲ್ಲ, ಇಬ್ಬರು ಮೂವರಾಗಿ ಕರೆದೊಯ್ಯಬೇಕೆನ್ನುವುದು ಇದಕ್ಕೇ.

ನಿಂತ ವಾಹನಗಳ ನಡುವೆ ದಾಟುವುದಕ್ಕೆ ಎರಡು ನಿಲುಗಡೆ. ಆ ಜಾಗ ತಪ್ಪಿಸಲು ಸಾಧ್ಯವಿದ್ದರೆ ತಪ್ಪಿಸಬೇಕು, ಅದು ಮೊದಲ ಮಾತು. ಬೇರೆ ದಾರಿಯೇ ಇಲ್ಲದಿದ್ದರೆ ಮೊದಲ ನಿಲುಗಡೆ ಫುಟ್‌ಪಾತಿನ ಅಂಚಿನಲ್ಲಿ. ಎರಡೂ ವಾಹನಗಳ ಒಳಗೆ ಯಾರಾದರೂ ಇದ್ದಾರಾ, ಎಂಜಿನ್ ಸದ್ದಿದೆಯಾ, ಹಿಂದಿನ ಬಿಳಿ ರಿವರ್ಸ್ ಲೈಟ್ ಉರಿಯುತ್ತಿದೆಯಾ ನೋಡಬೇಕು. ಒಂದಾದರೂ ಹೌದಾದರೆ ಬೇರೆ ಸಂದಿ ಹುಡುಕಬೇಕು. ಎದುರು ಬದಿಯಲ್ಲೂ ಒಳಹೋಗಲು ಸಂದಿ ಇದೆಯಾ ಎಂದು ಈಗಲೇ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮಗು ದಾಟಿ ಹೋಗಿ ಕಾರಿನ ಬಾಗಿಲಿಗೆ ಒತ್ತಿಕೊಂಡು ರಸ್ತೆಯಲ್ಲೇ ನಿಲ್ಲುತ್ತದೆ. ಎಲ್ಲ ಸರಿಯಿದ್ದರೆ ನಡೆದು ವಾಹನಗಳ ಹೊರ ಅಂಚಿನವರೆಗೆ ಹೋಗಿ ಎರಡನೇ ಸಲ ನಿಲ್ಲಬೇಕು. ನಿಜವಾಗಿ ನೋಡುವುದು ಇಲ್ಲಿ. ಮಕ್ಕಳು ಮಾಡುವ ತಪ್ಪೂ ಇಲ್ಲೇ: ಫುಟ್‌ಪಾತಿನ ಅಂಚಿನಲ್ಲೇ ನೋಡಿ ಮುಗಿಸಿ, ಹೊರ ಅಂಚಿನಲ್ಲಿ ನಿಲ್ಲದೆ ಹಾಗೇ ಹೊರಟುಬಿಡುತ್ತಾರೆ. ಹೊರ ಅಂಚಿನಲ್ಲಿ ಕೈಯಿಂದ ಕಾರನ್ನು ಒಮ್ಮೆ ಮುಟ್ಟಿ ನಿಲ್ಲುವ ಅಭ್ಯಾಸ ಮಾಡಿಸಿದರೆ ಆ ನಿಲುಗಡೆ ಮೈಗೆ ಹತ್ತುತ್ತದೆ.

ಕೂಡುರಸ್ತೆ ಕೊನೆಗೆ. ಅಲ್ಲಿ ಬಲ, ಎಡ ಸಾಲದು. ಬೆನ್ನ ಹಿಂದಿನಿಂದ ಬಂದು ಪಕ್ಕದ ರಸ್ತೆಗೆ ತಿರುಗುವ ವಾಹನವೇ ಅಪಾಯ. ಭುಜದ ಮೇಲಿಂದ ಹಿಂದಕ್ಕೆ ನೋಡುವುದನ್ನು ಬೇರೆಯಾಗಿಯೇ ಕಲಿಸಬೇಕು. ಮೂಲೆಯಿಂದ ಹತ್ತು ಹದಿನೈದು ಹೆಜ್ಜೆ ಒಳಕ್ಕೆ ನಡೆದು ದಾಟಿದರೆ ನೋಡಬೇಕಾದ ದಿಕ್ಕುಗಳು ಎರಡಕ್ಕೆ ಇಳಿಯುತ್ತವೆ. ಸಣ್ಣವರಿಗೆ ಅಷ್ಟೇ ಹೇಳಿಕೊಟ್ಟರೂ ಪರವಾಗಿಲ್ಲ.

ಪ್ರತಿ ಕೌಶಲಕ್ಕೆ ನಾಲ್ಕರಿಂದ ಆರು ಪಾಠ, ಪಾಠಕ್ಕೆ 20ರಿಂದ 30 ನಿಮಿಷ. ಅದಕ್ಕಿಂತ ಹೆಚ್ಚಾದರೆ ಗಮನ ಹೋಗುತ್ತದೆ.

---

ಮೈಲಿಗಲ್ಲು

ದಾರಿಹೋಕರು ಹೇಳಿದ್ದು ಒಂದು, ಎರಡನೇ ತರಗತಿಗೆ. ನಾಲ್ಕು, ಐದನೇ ತರಗತಿಗೆ ವೇಗದ ಲೆಕ್ಕ ಸೇರಿಸಿ. ಮಕ್ಕಳು ವಾಹನ ಎಷ್ಟು ದೂರವಿದೆ ಎಂದು ನೋಡಿ ತೀರ್ಮಾನಿಸುತ್ತಾರೆ, ಎಷ್ಟು ವೇಗದಲ್ಲಿದೆ ಎಂದಲ್ಲ. ದೂರದ ವೇಗದ ಕಾರಿಗಿಂತ ಹತ್ತಿರದ ನಿಧಾನದ ಲಾರಿಗೇ ಹೆಚ್ಚು ಹೆದರುತ್ತಾರೆ.

ಗಣಿತದ ಪೀರಿಯಡ್‌ನಲ್ಲೇ ಮಾಡಬಹುದು. 7 ಮೀಟರ್ ಅಗಲದ ರಸ್ತೆ, ಮಗುವಿನ ನಡಿಗೆ ಸೆಕೆಂಡಿಗೆ 1 ಮೀಟರ್ ಎಂದು ಹಿಡಿಯಿರಿ. ದಾಟಲು 7 ಸೆಕೆಂಡ್. ಆ 7 ಸೆಕೆಂಡಿನಲ್ಲಿ ಗಂಟೆಗೆ 30 ಕಿ.ಮೀ. ವೇಗದ ವಾಹನ 58 ಮೀಟರ್ ಬರುತ್ತದೆ, 50ರದು 97, 60ರದು 117. ಮೈದಾನದಲ್ಲಿ ಟೇಪ್ ಹಿಡಿದು ಈ ದೂರಗಳಿಗೆ ಒಂದೊಂದು ಬಾವುಟ ನೆಡಿಸಿ. 97 ಮೀಟರ್ ಬಾವುಟ ಮೈದಾನದ ಆಚೆಗೇ ಹೋಗಬಹುದು, ಹೋಗಲಿ. ಅಷ್ಟು ದೂರದ ಗಾಡಿಯೂ ತಾವು ದಾಟಿ ಮುಗಿಸುವಷ್ಟರಲ್ಲಿ ಬಂದಿರುತ್ತದೆ ಎಂಬುದು ಮಕ್ಕಳಿಗೆ ಕಣ್ಣಲ್ಲೇ ಕಾಣಬೇಕು.

ಇನ್ನೊಂದು ಜೋಡಿ ಬಾವುಟ ನಿಲ್ಲುವ ದೂರಕ್ಕೆ. ಚಾಲಕ ಕಂಡು ಬ್ರೇಕ್ ಒತ್ತಲು 1 ಸೆಕೆಂಡ್, ಒಣ ರಸ್ತೆ, ಒಳ್ಳೆಯ ಬ್ರೇಕ್ ಎಂದಿಟ್ಟುಕೊಂಡರೆ 30ರಲ್ಲಿ ಬರುವ ಕಾರು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 50ರಲ್ಲಿ ಬರುವುದಕ್ಕೆ ಸುಮಾರು 28 ಮೀಟರ್ ಬೇಕು. ಆ ಮೊದಲ ಸೆಕೆಂಡಿನಲ್ಲೇ ಅದು ಸುಮಾರು 14 ಮೀಟರ್ ಓಡಿರುತ್ತದೆ. ಅಂದರೆ 30ರ ಕಾರು ಪೂರ್ತಿ ನಿಂತ ಜಾಗದಲ್ಲಿ 50ರ ಕಾರು ಇನ್ನೂ ಬ್ರೇಕನ್ನೇ ಹಿಡಿದಿರುವುದಿಲ್ಲ. ಮಳೆ ಬಂದಿದ್ದರೆ ದೂರ ಇನ್ನೂ ಹೆಚ್ಚು. ದೊಡ್ಡವರಿಗೂ ಇದು ಹೊಸದೇ. ಪೋಷಕರ ಸಭೆಯ ದಿನ ಬಾವುಟ ತೆಗೆಯದೆ ಹಾಗೇ ಬಿಡಿ.

ವಾಹನಗಳ ನಡುವಿನ ಅಂತರ ಅಳೆಯಲು "ಸುಳ್ಳು ರಸ್ತೆ" ಎಂಬ ವಿಧಾನವಿದೆ. ಶಾಲೆಯ ತಗ್ಗು ಗೋಡೆಯ ಅಥವಾ ಕಂಬಿಬೇಲಿಯ ಒಳಗೆ, ನಿಜವಾದ ರಸ್ತೆಗೆ ಸಮಾನಾಂತರವಾಗಿ, ಅಷ್ಟೇ ಅಗಲಕ್ಕೆ ಎರಡು ಗೆರೆ ಎಳೆಯಿರಿ. ಮಗು ರಸ್ತೆಯಿಂದ ದೂರದ ಗೆರೆಯ ಮೇಲೆ, ಮುಖ ರಸ್ತೆಯ ಕಡೆಗೆ ಮಾಡಿ ನಿಲ್ಲುತ್ತದೆ. ಬೇಲಿಯಾಚೆ ಓಡುವ ನಿಜವಾದ ವಾಹನಗಳು ಈ ಸುಳ್ಳು ರಸ್ತೆಯಲ್ಲೇ ಓಡುತ್ತಿವೆ ಎಂದುಕೊಂಡು, ತಾನು ದಾಟಬಹುದು ಅನ್ನಿಸಿದಾಗ ನಡೆಯುತ್ತದೆ. ಅದು ಬೇಲಿ ಕಡೆಯ ಗೆರೆ ಮುಟ್ಟುವ ಮೊದಲೇ ವಾಹನ ಅದರ ನೇರಕ್ಕೆ ಬಂದುಬಿಟ್ಟರೆ "ತಾಗಿತು". ಬೇಲಿ ಕಡೆ ಒಬ್ಬ ದೊಡ್ಡವರು ನಿಂತಿರಲೇಬೇಕು. ಬೇಲಿಯಿಲ್ಲದ ಕಡೆ ಇದನ್ನು ಮಾಡಲೇಬೇಡಿ.

ಇಲ್ಲಿ ಎರಡು ತರಹದ ತಪ್ಪು ಕಾಣುತ್ತದೆ. ಸಾಕಷ್ಟು ಅಂತರವಿದ್ದರೂ ಹೊರಡದೆ, ಆಮೇಲೆ ಬೇಸತ್ತು ಸಣ್ಣ ಅಂತರದಲ್ಲಿ ನುಗ್ಗುವುದು ಒಂದು. ಸರಿಯಾದ ಅಂತರವನ್ನೇ ಆರಿಸಿ, ಹೊರಡಲು ಒಂದೆರಡು ಸೆಕೆಂಡ್ ತಡ ಮಾಡಿ ಅಂತರವನ್ನು ಹಾಳು ಮಾಡಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಮದ್ದು ಇದು: ಮುಂದಿನ ಗಾಡಿ ದಾಟಿದ ಕ್ಷಣಕ್ಕೆ ಹೊರಡಬೇಕು, ಅದಕ್ಕಾಗಿ ಅದರ ಹಿಂದಿನ ಗಾಡಿಯನ್ನು ಮೊದಲೇ ನೋಡಿ ಇಟ್ಟುಕೊಳ್ಳಬೇಕು.

---

ಮೂರನೇ ಗೇರ್

ಚಾಲಕರ ಸೀಟಿನ ಕಡೆಯಿಂದ ಕೆಲವು ಮಾತು.

ಕೈ ಎತ್ತಿ ದಾಟಿ ಎಂದು ಬಹಳ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಮಗು ಕುಳ್ಳಗಿರುವುದರಿಂದ ಕೈ ಎತ್ತಿದರೆ ಸ್ವಲ್ಪ ಚೆನ್ನಾಗಿ ಕಾಣುತ್ತದೆ, ಸರಿ. ಆದರೆ ಕೈ ಎತ್ತಿದ ಕೂಡಲೇ ಗಾಡಿ ನಿಲ್ಲುತ್ತದೆ ಎಂದು ಅದು ನಂಬಿಬಿಡುತ್ತದೆ, ಕೈ ಎತ್ತುತ್ತಲೇ ಕಾಲೂ ಇಡುತ್ತದೆ. ಕೈ ಎತ್ತುವುದು ಕೇಳಿಕೊಳ್ಳುವುದಷ್ಟೇ. ಗಾಲಿ ತಿರುಗುವುದು ನಿಂತ ಮೇಲೆ ಮಾತ್ರ ಹೆಜ್ಜೆ. ಬಾನೆಟ್ ನೋಡಬೇಡ, ಗಾಲಿ ನೋಡು ಎಂದು ಹೇಳಿಕೊಡಿ, ನಿಧಾನವಾಗುವುದಕ್ಕೂ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಗಾಲಿಯಲ್ಲೇ ಕಾಣುತ್ತದೆ.

ಒಂದೇ ದಿಕ್ಕಿಗೆ ಎರಡು ಲೇನ್ ಇರುವ ರಸ್ತೆಯ ಜೀಬ್ರಾ ಕ್ರಾಸಿಂಗ್ ಬಗ್ಗೆ ಯಾರೂ ಕಲಿಸುವುದಿಲ್ಲ, ಅಪಾಯ ಅಲ್ಲೇ ಜಾಸ್ತಿ. ಮೊದಲ ಲೇನಿನ ವ್ಯಾನ್ ನಿಂತು ದಾರಿ ಕೊಡುತ್ತದೆ. ಅದರ ಮರೆಯಲ್ಲಿ ಎರಡನೇ ಲೇನಿನ ಬೈಕ್ ಅದೇ ವೇಗದಲ್ಲಿ ಬರುತ್ತಿರುತ್ತದೆ. ಬೈಕಿನವನಿಗೆ ಮಗು ಕಾಣದು, ಮಗುವಿಗೆ ಬೈಕ್ ಕಾಣದು. ಆದ್ದರಿಂದ ನಿಂತ ವ್ಯಾನಿನ ಹೊರ ಅಂಚಿಗೆ ಬಂದಾಗ ಮತ್ತೊಮ್ಮೆ ನಿಂತು ಇಣುಕಿ ನೋಡಬೇಕು. ಮೇಲೆ ಹೇಳಿದ ನಿಂತ ಕಾರಿನ ಪಾಠವೇ ಇದು. ಚಾಲಕ "ಹೋಗು ಹೋಗು" ಎಂದು ಕೈ ಬೀಸಿದಾಗ ಮಗು ಓಡುವುದೂ ಇಂಥಲ್ಲೇ. ಅವರು ತಮ್ಮ ಲೇನಿನ ಬಗ್ಗೆ ಮಾತ್ರ ಹೇಳುತ್ತಿದ್ದಾರೆ.

ಬಸ್ಸಿನಿಂದ ಇಳಿದವರು ಅದರ ಮುಂದಿನಿಂದಲೂ ದಾಟಬಾರದು, ಹಿಂದಿನಿಂದಲೂ ದಾಟಬಾರದು. ಬಸ್ ಹೊರಟು ರಸ್ತೆ ಎರಡೂ ಕಡೆ ಕಾಣುವವರೆಗೆ ಫುಟ್‌ಪಾತಿನಲ್ಲೇ ನಿಲ್ಲಬೇಕು. ಲಾರಿ, ಬಸ್ಸಿನ ಮೂತಿಗೆ ಅಂಟಿಕೊಂಡಂತೆ ನಡೆಯುವ ಮಗು ಎತ್ತರದ ಕ್ಯಾಬಿನ್‌ನಲ್ಲಿ ಕೂತವರಿಗೆ ಕಾಣುವುದೇ ಇಲ್ಲ. ಚಾಲಕರ ಮುಖ ನಿನಗೆ ಕಾಣದಿದ್ದರೆ ಅವರಿಗೆ ನೀನೂ ಕಾಣುತ್ತಿಲ್ಲ: ಈ ಒಂದು ನಿಯಮ ಸಣ್ಣವರಿಗೂ ಅರ್ಥವಾಗುತ್ತದೆ.

ವಾಹನಗಳು ಎಡಬದಿಯಲ್ಲಿ ಓಡುವ ಕಡೆ ಮೊದಲು ಬಲಕ್ಕೆ ನೋಡಬೇಕು, ಹತ್ತಿರದ ಲೇನ್ ಅಲ್ಲಿಂದ ಬರುವುದರಿಂದ. ಕಾರಣ ಸಮೇತ ಹೇಳಿ. ಏಕಮುಖ ರಸ್ತೆಯಲ್ಲೂ ಎರಡೂ ಕಡೆ ನೋಡಿಸಿ, ತಪ್ಪು ದಿಕ್ಕಿನಲ್ಲಿ ಬರುವ ದ್ವಿಚಕ್ರಗಳಿಗೇನೂ ಕಡಿಮೆಯಿಲ್ಲ. ಬ್ಯಾಟರಿ ವಾಹನಗಳು ಸದ್ದಿಲ್ಲದೆ ಬರುತ್ತವೆ, ಕಿವಿಯನ್ನು ನಂಬಿ ದಾಟುವ ಕಾಲ ಹೋಯಿತು.

ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವ ವಾಹನಗಳಿಗೆ ಮುಖ ಮಾಡಿ, ಒಬ್ಬರ ಹಿಂದೊಬ್ಬರಾಗಿ ನಡೆಯಬೇಕು. ಬೆಳಗಿನ ಜಾವ, ಮುಸ್ಸಂಜೆಯಲ್ಲಿ ನಡೆಯುವ ಮಕ್ಕಳಿದ್ದರೆ ಬೆಳಕು ಹಿಂದಿರುಗಿಸುವ ರಿಫ್ಲೆಕ್ಟರ್ ಪಟ್ಟಿ ಕಟ್ಟಿಸಿ. ಹಗಲಲ್ಲಿ ಹೊಳೆಯುವ ಹಳದಿ, ಕಿತ್ತಳೆ ಬಣ್ಣದ ಬಟ್ಟೆ ಕತ್ತಲಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಇವೆರಡನ್ನು ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಪಟ್ಟಿ ಬ್ಯಾಗಿಗಿಂತ ಕಾಲಿನ ಮಣಿಕಟ್ಟಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಹೆಜ್ಜೆಯ ಜೊತೆ ಅದು ಆಡುವುದರಿಂದ ಅದು ಮನುಷ್ಯ ಎಂದು ಚಾಲಕರಿಗೆ ಬೇಗ ತಿಳಿಯುತ್ತದೆ.

---

ಕಪ್ಪುಹಲಗೆ

ಎಲ್ಲರಿಗೂ ಧನ್ಯವಾದ. ಸುಳ್ಳು ರಸ್ತೆ ನಮ್ಮಲ್ಲಿ ಆಗುತ್ತದೆ, ಮುಂಭಾಗಕ್ಕೆ ಕಂಬಿಬೇಲಿಯಿದೆ. ತೊಡಕು ಬೇರೆ: 35 ಮಕ್ಕಳನ್ನು ಇಬ್ಬರು ಮೂವರಂತೆ ರಸ್ತೆಗೆ ಕರೆದೊಯ್ಯಲು ಜನವೆಲ್ಲಿ? ಹೊರಗೆ ಕಳಿಸಿ ಏನಾದರೂ ಆದರೆ ಎಂದು ಮುಖ್ಯೋಪಾಧ್ಯಾಯರು ಒಪ್ಪುವುದೂ ಕಷ್ಟ.

---

ಸೀಟಿ

ಮೇಡಂ, ಅವರ ಆತಂಕ ನ್ಯಾಯವಾದದ್ದೇ. ಅದಕ್ಕೆ ಕಾಗದದಲ್ಲಿ ಉತ್ತರ ಕೊಡಿ: ಯಾವ ದಾರಿ, ಎಲ್ಲೆಲ್ಲಿ ನಿಲ್ಲುವುದು, ಯಾವ ಹೊತ್ತು, ಯಾರ ಜೊತೆ ಯಾವ ಮಕ್ಕಳು, ಪೋಷಕರ ಸಹಿ. ಶಾಲೆ ಬಿಡುವ ಗಲಾಟೆಯ ಹೊತ್ತು ಬೇಡ, ಬೆಳಗಿನ ಎರಡನೇ ಮೂರನೇ ಪೀರಿಯಡ್ ಒಳ್ಳೆಯದು. ಮೊದಲ ಪಾಠಗಳಲ್ಲಿ ದಾಟುವುದೇ ಬೇಡ, ಜಾಗ ಆರಿಸುವುದಷ್ಟೇ. ಫುಟ್‌ಪಾತಿನಿಂದ ಇಳಿಯದೆಯೇ ಅರ್ಧ ಕಲಿಕೆ ಆಗುತ್ತದೆ ಎಂದರೆ ಅವರು ಒಪ್ಪುವ ಸಾಧ್ಯತೆ ಹೆಚ್ಚು.

ಜನಕ್ಕೆ ಪೋಷಕರನ್ನೇ ಕೇಳಿ. ನಾಲ್ವರು ಸಿಕ್ಕರೆ ಒಂದು ಪೀರಿಯಡ್‌ಗೆ 12 ಮಕ್ಕಳು, ಮೂರು ವಾರಕ್ಕೆ ಇಡೀ ತರಗತಿ ಒಂದು ಸುತ್ತು. ಉಳಿದವರು ಒಳಗೆ ಬಾವುಟದ ಲೆಕ್ಕದಲ್ಲಿರಲಿ. ಈ ಲೆಕ್ಕದಲ್ಲಿ ಐದೂ ತರಗತಿಗೆ ಒಂದೇ ವರ್ಷದಲ್ಲಿ ಆಗುವುದಿಲ್ಲ. ಒಂದು, ಎರಡನೇ ತರಗತಿ ಹಿಡಿಯಿರಿ, ದೊಡ್ಡವರಿಗೆ ಸುಳ್ಳು ರಸ್ತೆ ಸಾಕು.

ಬರುವ ಪೋಷಕರಿಗೆ ಮೊದಲು ಒಂದು ಗಂಟೆ ರಸ್ತೆ ಬದಿಯಲ್ಲೇ ತರಬೇತಿ ಕೊಡಿ. ಕಲಿಸಬೇಕಾದದ್ದು ಒಂದೇ, ಬಾಯಿ ಮುಚ್ಚಿಕೊಂಡಿರುವುದು. ದೊಡ್ಡವರು ಅಭ್ಯಾಸಬಲದಿಂದ "ಹ್ಞಾಂ, ಈಗ ಬಾ" ಎಂದು ಕೈ ಎಳೆಯುತ್ತಾರೆ. ಆಗ ನಿರ್ಧಾರ ಅವರದು, ಮಗುವಿನದು ಕಾಲು ಮಾತ್ರ. ಕೈ ಹಿಡಿದಿರಬೇಕು, ಹಿಡಿಯುವುದು ಬೆರಳನ್ನಲ್ಲ, ಮಣಿಕಟ್ಟನ್ನು. ಆದರೆ "ಈಗ" ಎನ್ನುವುದು ಮಗುವೇ. ತಪ್ಪು ಹೊತ್ತಿಗೆ ಹೇಳಿದರೆ ಕದಲಬೇಡಿ, ಗಾಡಿ ಹೋಗುವವರೆಗೆ ನಿಂತು "ಈಗ ಹೊರಟಿದ್ದರೆ?" ಎಂದು ಕೇಳಿ. ಮೂವರಲ್ಲಿ ಒಬ್ಬರು ಯಾವಾಗಲೂ ಮುಂದಾಳು, ಉಳಿದಿಬ್ಬರು ಅವನ ಬೆನ್ನು ನೋಡಿ ದಾಟುತ್ತಾರೆ. ಸರದಿಯಂತೆ ಪ್ರತಿಯೊಬ್ಬರಿಗೂ ನಿರ್ಧರಿಸುವ ಕೆಲಸ ಕೊಡಿ.

ಗೇಟಿನ ವಿಷಯ. ಅಪ್ಪನ ಬೈಕ್ ಕಂಡು ಓಡುವ ಮಗುವಿಗೆ ಎಷ್ಟು ಪಾಠ ಮಾಡಿದರೂ ಆ ಕ್ಷಣಕ್ಕೆ ಅದು ನೆನಪಿಗೆ ಬರುವುದಿಲ್ಲ. ಏಳು ವರ್ಷದ ಮಗು ಉದ್ವೇಗದಲ್ಲಿದ್ದಾಗ ತನ್ನನ್ನು ತಾನೇ ತಡೆಯಲಾರದು, ಅದನ್ನು ಬೈದು ಪ್ರಯೋಜನವಿಲ್ಲ. ತಿದ್ದಬೇಕಾದವರು ಅಪ್ಪ. ಎದುರು ಬದಿಯಿಂದ ಹೆಸರು ಹಿಡಿದು ಕೂಗಬಾರದು, ಕೈ ಬೀಸಬಾರದು, ತಾವೇ ರಸ್ತೆ ದಾಟಿ ಬಂದು ಶಾಲೆಯ ಬದಿಯಲ್ಲೇ ಮಗುವನ್ನು ಕರೆದುಕೊಳ್ಳಬೇಕು. ಗೇಟಿನ ಎರಡೂ ಬದಿ 15–20 ಮೀಟರ್ ವಾಹನ ನಿಲ್ಲಿಸದಂತೆ ಕೋನ್ ಇಡಿ. ಹೊರಬರುವ ದಾರಿಗೆ ಅಡ್ಡಲಾಗಿ ಒಂದು ಕಂಬಿ ಇದ್ದರೆ ಮಗು ಸುತ್ತಿ ಬರಬೇಕಾಗುತ್ತದೆ, ಓಟದ ರಭಸ ಅಲ್ಲೇ ಮುರಿಯುತ್ತದೆ. ನನ್ನನ್ನು ಕೇಳಿದರೆ ಒಂದು ವರ್ಷದ ಪಾಠಕ್ಕಿಂತ ಈ ಕಂಬಿಯೇ ಮೇಲು, ಆದರೂ ಪಾಠ ಬೇಡ ಎನ್ನುತ್ತಿಲ್ಲ.

---

ದಾರಿಹೋಕ

ಕಂಬಿಯ ಮಾತಿಗೆ ನನ್ನದೂ ಒಪ್ಪಿಗೆ. ಪಾಠದಿಂದ ಎಲ್ಲವೂ ಆಗುತ್ತದೆ ಎಂಬ ಭ್ರಮೆ ಬೇಡ. ಆರೋಗ್ಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ 2002ರ ಪರಿಶೀಲನೆ ಪಾದಚಾರಿ ಸುರಕ್ಷತಾ ಶಿಕ್ಷಣದ 15 ಪ್ರಯೋಗಗಳನ್ನು ಒಟ್ಟಿಗೆ ನೋಡಿತ್ತು. ಮಕ್ಕಳ ತಿಳಿವಳಿಕೆ ಹೆಚ್ಚುತ್ತದೆ, ದಾಟುವ ರೀತಿಯೂ ಬದಲಾಗಬಹುದು, ಆದರೆ ಗಾಯಗಳು ಕಡಿಮೆಯಾದವೇ ಎಂದು ಯಾವ ಪ್ರಯೋಗವೂ ಅಳೆದಿರಲಿಲ್ಲ. ಕಲಿತದ್ದು ದಿನ ಕಳೆದಂತೆ ಮಾಸುತ್ತದೆ, ಆಗಾಗ ಮತ್ತೆ ಮಾಡಬೇಕು ಎಂದೂ ಅದರಲ್ಲಿದೆ. ಹಾಗಾಗಿ ಎರಡನೇ ತರಗತಿ ಮುಗಿಸಿದ ಮಗುವನ್ನು ಒಂಟಿಯಾಗಿ ಕಳಿಸಬಹುದು ಎಂದು ಪೋಷಕರಿಗೆ ದಯವಿಟ್ಟು ಹೇಳಬೇಡಿ. ಸುಮಾರು ಹತ್ತು ವರ್ಷದವರೆಗೆ ವಾಹನ ಓಡಾಡುವ ರಸ್ತೆಯಲ್ಲಿ ದೊಡ್ಡವರು ಜೊತೆಗಿರಬೇಕು.

ಮೂರನೇ ಪ್ರಶ್ನೆ ಉಳಿದಿದೆ. ಪರೀಕ್ಷೆ ಮಗುವಿಗೆ ಗೊತ್ತಾಗಬಾರದು. ಇನ್ನೊಬ್ಬ ಶಿಕ್ಷಕರು ಕಾಣದಂತೆ ನಿಂತು, ಪೋಷಕರ ಜೊತೆ ಮನೆಗೆ ಹೊರಟ ಮಗುವನ್ನು ಒಂದು ಚೀಟಿಯಲ್ಲಿ ಗುರುತು ಹಾಕಲಿ: ಅಂಚಿನಲ್ಲಿ ಎರಡೂ ಕಾಲು ನಿಂತವೇ, ಎರಡೂ ಕಡೆ ನೋಡಿತೇ, ದಾಟುತ್ತಿರುವಾಗಲೂ ನೋಡಿತೇ, ನೇರ ಹೋಯಿತೇ, ನಡೆಯಿತೇ ಓಡಿತೇ. ಐದೇ ಕಲಂ ಸಾಕು. ಪಾಠಕ್ಕೆ ಮುಂಚೆ ಒಮ್ಮೆ, ಮುಗಿದ ವಾರ ಒಮ್ಮೆ, ಎರಡು ತಿಂಗಳ ಮೇಲೆ ಇನ್ನೊಮ್ಮೆ. ಮೂರನೇ ಸಲ ಬೇಗ ಬಿದ್ದುಹೋಗುವುದು "ದಾಟುತ್ತಿರುವಾಗ ನೋಡಿತೇ" ಎಂಬ ಕಲಂ. ಪುನರಾವರ್ತನೆಯ ಪಾಠವನ್ನು ಅಲ್ಲಿಂದ ಶುರು ಮಾಡಿ. ಅದೇ ಚೀಟಿಯಲ್ಲಿ ಜೊತೆಗಿದ್ದ ಪೋಷಕರಿಗೂ ಒಂದು ಸಾಲು ಇಟ್ಟರೆ ಮುಂದಿನ ಸಭೆಗೆ ವಿಷಯ ಹುಡುಕಬೇಕಾಗುವುದಿಲ್ಲ.